ಒಬ್ಬರ ನೀರು ಇನ್ನೊಬ್ಬರಿಗಿಲ್ಲ

ಮುಂಬೈ ಪಕ್ಕದ ಠಾಣೆ ಊರಿನ ಆ ಆಸ್ಪತ್ರೆಗೆ ಡಾಕ್ಟರುಗಳು ಬಂದರು, ಹೋದರು. ಪೆಥಾಲಜಿ ಲ್ಯಾಬಿನ ದೊಡ್ಡ ಕತ್ತಿಗೆ ಮಾತ್ರ ಹನ್ನೆರಡು ವರ್ಷ ಒಂದೇ ಕೈ. ಆ ಕೈ ಅಂಬಾರಾಯನದು. ಯಾವನಾದರೂ ಹೊಸಬ ಹುಮ್ಮಸ್ಸಿನಿಂದ ಕತ್ತಿ ಎತ್ತಿಕೊಂಡರೆ ಅಂಬಾರಾಯ ಬೈಯುತ್ತಿರಲಿಲ್ಲ. ಎದ್ದು ಹೋಗಿ ಅವನ ಕೈಯಿಂದ ಬಿಡಿಸಿಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಿದ್ದ. ಆಮೇಲೆ ಮೂರು ದಿನ ಅವನ ಸಂಗಡ ಮಾತಿಲ್ಲ. ಇಷ್ಟು ಸಣ್ಣ ನೌಕರಿಯವನಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಅನ್ನುವವರಿದ್ದರು. ಅನ್ನಲಿ ಬಿಡಿ. ಅಂಥ ಕೆಲಸ ಬಲ್ಲವನಿಗೆ ಸೊಕ್ಕು ಇರದೆ ಮತ್ಯಾರಿಗೆ ಇರಬೇಕು?

ಕೆಲಸ ಏನೆಂದರೆ, ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಕೂಡಿಸಿ ಬೆಂಕಿಪೆಟ್ಟಿಗೆಗಿಂತ ಸಣ್ಣ ಗಟ್ಟಿ ಮಾಡುತ್ತಾರೆ. ಅದಕ್ಕೆ ಬ್ಲಾಕು ಅನ್ನುತ್ತಾರೆ. ಬ್ಲಾಕನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕಚ್ಚಿಸಿ ಚಕ್ರ ತಿರುಗಿಸಿದರೆ ಕತ್ತಿ ಅದನ್ನು ಪದರ ಪದರವಾಗಿ ಹೆರೆಯುತ್ತದೆ. ಒಂದು ತಲೆಗೂದಲಿನ ದಪ್ಪವನ್ನು ಹದಿನೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ತೆಳು. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಬರುತ್ತವೆ. ಅದನ್ನು ಬೋಗುಣಿಯ ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡುತ್ತದೆ. ಆಗ ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡು ಬಣ್ಣ ಹಾಕಿದರೆ ಡಾಕ್ಟರಿಗೆ ನೋಡಲು ಸ್ಲೈಡು ಸಿದ್ಧ. ಕತ್ತಿ ಸ್ವಲ್ಪ ಮೊಂಡಾಗಿದ್ದರೂ ಪದರದ ಮೇಲೆ ಉದ್ದಕ್ಕೂ ಗೀರು ಬೀಳುತ್ತದೆ. ಅಂಬಾರಾಯನ ಸ್ಲೈಡಿನಲ್ಲಿ ಗೀರು ಕಂಡವರು ಯಾರೂ ಇಲ್ಲ.

ಅವನು ಆ ಲ್ಯಾಬಿಗೆ ಸೇರಿದ್ದು ೧೯೬೯ರಲ್ಲಿ, ಬಾಟಲಿ ತೊಳೆಯುವುದಕ್ಕೆ. ಆಗ ಕತ್ತಿ ಹಿಡಿಯುತ್ತಿದ್ದ ಮುದುಕ ಟೆಕ್ನಿಷಿಯನ್ನನ ಸ್ಲೈಡುಗಳು ಬೆಕ್ಕು ಪರಚಿದ ಹಾಗಿರುತ್ತಿದ್ದವು. ನೋಡಿ ನೋಡಿ ಅಂಬಾರಾಯನಿಗೆ ಕೈ ಕಡಿಯತೊಡಗಿತು. ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಮೇಜಿನ ಕಾಲಿಗೆ ಒಂದು ತೊಗಲಿನ ಪಟ್ಟಿ ಕಟ್ಟಿ, ಕತ್ತಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಅರ್ಧ ತಾಸು ಎಳೆದ. ತನ್ನ ತಲೆಯಿಂದ ಒಂದು ಕೂದಲು ಕಿತ್ತು ಅಂಚಿಗೆ ತಾಗಿಸಿದ. ಕೂದಲು ಎರಡಾಯಿತು. ಆ ದಿನದ ಸ್ಲೈಡು ನೋಡಿದ ಡಾಕ್ಟರು ಕತ್ತಿ ಮುಟ್ಟಿದವರು ಯಾರು ಅಂತ ಕೇಳಿದರು. ಎರಡು ವರ್ಷದಲ್ಲಿ ಅವನೇ ಟೆಕ್ನಿಷಿಯನ್ ಆದ.

ತೊಗಲ ಪಟ್ಟಿ ಎಲ್ಲಿಂದ ತಂದೆ ಅಂತ ಕೇಳಿದವರಿಗೆ ಚೋರ್ ಬಜಾರಿನಿಂದ ಅಂದ. ಶುದ್ಧ ಸುಳ್ಳು. ಅದು ಅವನ ಅಪ್ಪ ಚನ್ನಪ್ಪನ ಹಡಪದೊಳಗಿನ ಪಟ್ಟಿ. ಹಡಪ ಅಂದರೆ ಕ್ಷೌರದ ಚೀಲ, ಕತ್ತಿ, ಕತ್ತರಿ, ಸಾಣೆಕಲ್ಲು, ನೀರಿನ ಬಟ್ಟಲು ಇಡುವಂಥದ್ದು. ಆಳಂದದ ಕಡೆಯ ಒಂದು ಹಳ್ಳಿಯಲ್ಲಿ ಚನ್ನಪ್ಪ ನಲವತ್ತು ವರ್ಷ ಆ ಚೀಲ ಹೊತ್ತು ಮನೆಮನೆಗೆ ಹೋದವನು. ಮಗ ಊರು ಬಿಡುವಾಗ ಅಪ್ಪ ಒಂದು ಕತ್ತಿ, ಒಂದು ಪಟ್ಟಿ ಕೊಟ್ಟು ಕಳಿಸಿದ್ದ. ಮಗ ಮುಂಬೈ ಗಾಡಿ ಹತ್ತಿ ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ರೈತನ ಮಗನಾಗಿದ್ದ, ಹೆಸರಿನ ಕೊನೆಯ 'ಹಡಪದ' ಉದುರಿಹೋಗಿತ್ತು. ಊರಲ್ಲಿ ಅಪ್ಪ ಅಂಗಳದಾಚೆ ಕುಕ್ಕುರುಗಾಲಲ್ಲಿ ಕೂತು ಕಾಯುತ್ತಿದ್ದದ್ದನ್ನು, ಹತ್ತು ವರ್ಷದ ಮಕ್ಕಳು ಕೂಡ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದದ್ದನ್ನು ಅವನು ಕಂಡಿದ್ದ. ಆ ನೋವು ಗೊತ್ತಿಲ್ಲದವರು ಅವನನ್ನು ಸುಳ್ಳುಗಾರ ಅನ್ನಬೇಡಿ.

ಆದರೆ ಸುಳ್ಳು ಸುಮ್ಮನೆ ಕೂಡುವ ಪ್ರಾಣಿಯಲ್ಲ. ಡೊಂಬಿವಲಿಯ ಕನ್ನಡ ಸಂಘದಲ್ಲಿ ಯಾರೋ ಹೊಲ ಎಷ್ಟು ಅಂತ ಕೇಳಿದರು, ನಾಲ್ಕು ಎಕರೆ ಅಂದ. ಮುಂದಿನ ರಾಜ್ಯೋತ್ಸವಕ್ಕೆ ಅದು ಏಳಾಯಿತು. ೧೯೮೦ರ ಹೊತ್ತಿಗೆ ಹನ್ನೊಂದು ಎಕರೆ, ಒಂದು ಬಾವಿ. ಠಾಣೆ ಪಕ್ಕದ ಕಳವಾ ಊರಿನ ಚಾಳಿನ ಒಂದೇ ಖೋಲಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಹಾದೇವಕ್ಕ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಈ ವರ್ಷ ಬಾವಿ ತೋಡಿಸಿದ್ರಿ, ಬರೋ ವರ್ಷ ಪಂಪ್‌ಸೆಟ್ಟು ಕೂಡಸ್ತೀರೇನು ಅಂತ ಚುಚ್ಚುತ್ತಿದ್ದಳು. ಒಮ್ಮೆ ಮಾತ್ರ ನಗದೇ ಕೇಳಿದಳು.

"ಅನ್ನ ಹಾಕಿದ ಕಸಬಿನ ಹೆಸರು ಹೇಳ್ಲಿಕ್ಕೆ ನಿಮಗ್ಯಾಕ ನಾಚ್ಕಿ ಬರ್ತದರೀ? ಆ ಕಸಬು ಕದ್ದದ್ದೇನು?"

ಅಂಬಾರಾಯ ತಾಟು ತೊಳೆದಿಟ್ಟು ಕೆಲಸಕ್ಕೆ ಹೋದ.

ಅಪ್ಪನಿಂದ ಅವನಿಗೆ ಬಂದದ್ದು ಪಟ್ಟಿಯೊಂದೇ ಅಲ್ಲ, ಒಂದು ನೇಮವೂ ಬಂದಿತ್ತು. ಒಬ್ಬರ ನೀರು ಇನ್ನೊಬ್ಬರ ಮುಖಕ್ಕೆ ಮುಟ್ಟಿಸಬಾರದು. ಗೌಡನೇ ಇರಲಿ, ದನಗಾಹಿಯೇ ಇರಲಿ, ಕೂತವ ಎದ್ದ ಕೂಡಲೇ ಚನ್ನಪ್ಪ ಬಟ್ಟಲ ನೀರು ಚೆಲ್ಲಿ ಹೊಸದು ತುಂಬುತ್ತಿದ್ದ. ಬೇಸಗೆಯಲ್ಲಿ ನೀರಿಗೆ ಎರಡು ಮೈಲಿ ನಡೆಯಬೇಕಾದಾಗಲೂ ನೇಮ ತಪ್ಪಲಿಲ್ಲ. ಅಂಬಾರಾಯ ಲ್ಯಾಬಿನಲ್ಲೂ ಹಾಗೆಯೇ ಮಾಡಿದ. ಒಂದು ಬ್ಲಾಕು ಮುಗಿಯಿತೋ, ಬೋಗುಣಿಯ ನೀರು ಚೆಲ್ಲಿ, ಉಜ್ಜಿ, ಸ್ಟೋವ್ ಮೇಲೆ ಕಾಯಿಸಿಟ್ಟ ಹೊಸ ನೀರು ಹೊಯ್ಯುತ್ತಿದ್ದ. ಬೇರೆ ಕಡೆ ಮೇಲಿನ ಕಸವನ್ನು ಕಾಗದದಲ್ಲಿ ಎಳೆದು ತೆಗೆದು ದಿನವೆಲ್ಲ ಅದೇ ನೀರಿನಲ್ಲಿ ನಡೆಸುತ್ತಾರೆ. ಸಂಗಡದವರು ಇದಕ್ಕೆ ಅಂಬಾರಾಯನ ಅಭಿಷೇಕ ಅಂತ ಹೆಸರಿಟ್ಟಿದ್ದರು. ನೀರು ಬದಲಿಸಿದ್ದನ್ನು ಅವನು ರಿಜಿಸ್ಟರಿನಲ್ಲಿ ಒಂದು ದಿನವೂ ಬರೆಯಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದೆ ಅಂತ ಯಾರಾದರೂ ಬರೆದಿಡುತ್ತಾರೆಯೇ? ಅದೇ ತಪ್ಪಾಯಿತು ನೋಡಿ.

೧೯೮೨ರ ಫೆಬ್ರುವರಿಯಲ್ಲಿ ಪೂವಪ್ಪ ಅನ್ನುವವನನ್ನು ಆಸ್ಪತ್ರೆಗೆ ತಂದರು. ಉಡುಪಿ ಕಡೆಯವನು, ಠಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆ ಭಟ್ಟರ ಕೈಕೆಳಗೆ ಹದಿನೆಂಟು ವರ್ಷ ದುಡಿದವನು. ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಲೋಕಲ್ ಗಾಡಿಯ ಬಾಗಿಲಿಂದ ಬಿದ್ದಿದ್ದ. ಜೀವ ಉಳಿಯಿತು, ಕುತ್ತಿಗೆಯ ಕೆಳಗೆ ಬೆನ್ನುಹುರಿ ಜಜ್ಜಿಹೋಯಿತು. ಕಾಲು ಸತ್ತವು, ಕೈ ಅರ್ಧ ಸತ್ತವು, ಬಾಯಿ ಮಾತ್ರ ಹೋಟೆಲಿನಲ್ಲಿದ್ದ ಹಾಗೆಯೇ ಜೋರಾಗಿತ್ತು. ವಾರ್ಡಿನಲ್ಲಿ ಕನ್ನಡ ಮಾತಾಡುವವರು ಯಾರೂ ಇಲ್ಲ ಅಂತ ನರ್ಸು ಅಂಬಾರಾಯನನ್ನು ಕರೆದಳು. ಹೋಗಿ ನೋಡಿದರೆ ಹದಿನೈದು ದಿನದ ಗಡ್ಡ, ಅದರೊಳಗೆ ಬೆವರುಗುಳ್ಳೆ. ತುರಿಸಿದರೆ ಕೆರೆದುಕೊಳ್ಳಲು ಕೈ ಏಳುವುದಿಲ್ಲ. ಅಂಬಾರಾಯ ವಾಪಸು ಬಂದ.

ಭಾನುವಾರ ಅಪ್ಪನ ಕತ್ತಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು, ಪರದೆ ಎಳೆದು, ಪೂವಪ್ಪನ ಗಡ್ಡ ಬೋಳಿಸಿದ. ಬೆವರುಗುಳ್ಳೆಯ ಒಂದು ತಲೆಯೂ ಹಾರಲಿಲ್ಲ. ಪೂವಪ್ಪ ಕಣ್ಣು ಮುಚ್ಚಿ ಸುಖಪಟ್ಟು, ಕೊನೆಗೆ ಒಂದೇ ಕಣ್ಣು ತೆರೆದು ಇದು ಕಲಿತ ಕೈ ಅಲ್ವಾ ಮಾರಾಯ್ರೆ ಅಂದ. ಅಂಬಾರಾಯನ ಮುಖ ಬಿಳಿಚಿಕೊಂಡಿತು. ಪೂವಪ್ಪ ಮುಂದೆ ಏನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆಮೇಲೆ ಪ್ರತಿ ಭಾನುವಾರ ಪರದೆ ಎಳೆಯುವುದು ನಡೆಯಿತು.

ಲ್ಯಾಬಿನ ಡಾಕ್ಟರು ವೇದಾವತಿ ಅಂತ. ಅವರೂ ಉಡುಪಿ ಕಡೆಯವರೇ, ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವರು. ಬೆನ್ನುಹುರಿ ಜಜ್ಜಿದವರ ಒಳಗೆ ಏನು ನಡೆಯುತ್ತದೆ ಅನ್ನುವುದೊಂದೇ ಅವರಿಗೆ ಆಗ ಧ್ಯಾನ. ಗಾಡಿಯಿಂದ ಬಿದ್ದವರು, ಕಾರ್ಖಾನೆಯಲ್ಲಿ ಮೇಲಿಂದ ಬಿದ್ದವರು ಬರುತ್ತಿದ್ದರು. ಅವರಲ್ಲಿ ತೀರಿಕೊಂಡವರ ಮನೆಯವರನ್ನು ಕೇಳಿ, ಒಪ್ಪಿದವರ ಬೆನ್ನುಹುರಿಯ ಚೂರು ತೆಗೆದಿಡುತ್ತಿದ್ದರು. ಪೂವಪ್ಪ ಒಂದು ದಿನ ಅವರನ್ನೇ ಹಿಡಿದು, ನನ್ನ ಬೆನ್ನಲ್ಲಿ ಈಗ ಏನಾಗ್ತಾ ಉಂಟು ಅಂತ ಕೇಳಿದ. ದೊಡ್ಡ ಡಾಕ್ಟರುಗಳು ಯಾರೂ ಅವನಿಗೆ ಅದನ್ನು ಹೇಳಿರಲಿಲ್ಲ. ವೇದಾವತಿ ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ಗಾಯ ಆದಲ್ಲಿಗೆ ರಕ್ತದಿಂದ ಬಿಳಿ ಕಣಗಳು ಓಡಿ ಬರುತ್ತವೆ. ಮೊದಲ ಒಂದೆರಡು ದಿನ ಒಂದು ಜಾತಿ, ಆಮೇಲೆ ದೊಡ್ಡ ಹೊಟ್ಟೆಯ ಇನ್ನೊಂದು ಜಾತಿ. ಮುರಿದು ಬಿದ್ದ ನರದ ಕೊಬ್ಬನ್ನು ತಿಂದು ಜಾಗ ಚೊಕ್ಕ ಮಾಡುವುದು ಅವುಗಳ ಕೆಲಸ. ಕೈಯ ಗಾಯವಾದರೆ ತಿಂದು, ಮುಗಿಸಿ, ಹೋಗುತ್ತವೆ. ಬೆನ್ನುಹುರಿಯಲ್ಲಿ ಅವು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತವೆ ಅಂತ ಅವರ ಗುಮಾನಿ. ಕೂತು ಒಳ್ಳೆಯದು ಮಾಡುತ್ತವೋ, ಇದ್ದದ್ದನ್ನೂ ಕೆಡಿಸುತ್ತವೋ, ಅದು ತನಗೂ ಗೊತ್ತಿಲ್ಲ ಅಂದರು.

ಪೂವಪ್ಪ ಯೋಚನೆ ಮಾಡಿದ. "ಅಂದ್ರೆ ಊಟಕ್ಕೆ ಬಂದವ್ರು ಎಲೆ ಬಿಟ್ಟು ಏಳುದೇ ಇಲ್ಲ ಅಂತಾಯ್ತು. ನಾನು ಹೋದ ಮೇಲೆ ನೋಡಿ ಡಾಕ್ಟ್ರಮ್ಮ, ಪಂಕ್ತಿ ಎದ್ದಿದೆಯಾ ಇಲ್ವಾ ಅಂತ. ನನ್ನದನ್ನು ಇವರೇ ಕೊಯ್ಯಲಿ."

ಇವರೇ ಅಂದಾಗ ಅವನ ಕಣ್ಣು ಮಂಚದ ಪಕ್ಕದಲ್ಲಿ ನಿಂತಿದ್ದ ಅಂಬಾರಾಯನ ಮೇಲಿತ್ತು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ, ಅವನ ತಮ್ಮನೂ ಸಹಿ ಹಾಕಿದ. ಒಂಬತ್ತನೇ ತಿಂಗಳಲ್ಲಿ ಮೂತ್ರದ ಸೋಂಕು ಮೈಗೆಲ್ಲ ಏರಿ ಪೂವಪ್ಪ ಹೋದ. ಕೊನೆಯ ಭಾನುವಾರದ ಕ್ಷೌರವನ್ನು ಅಂಬಾರಾಯ ಶವದ ಮೇಲೆ ಮಾಡಿದ, ಪರದೆಯೊಳಗೆ, ಹೊಸ ನೀರಿನಲ್ಲಿ. ಮನೆಗೆ ಬಂದವನು ಆ ದಿನ ಉಣ್ಣಲಿಲ್ಲ.

ಪೂವಪ್ಪನ ಬ್ಲಾಕನ್ನು ಅವನು ಮೈಯೆಲ್ಲ ಕಣ್ಣಾಗಿ ಕೊಯ್ದ. ಸ್ಲೈಡು ನೋಡಿದ ವೇದಾವತಿ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, ಪಂಕ್ತಿ ಎದ್ದಿಲ್ಲ ಅಂದರು. ಗಾಯದ ನಡುವೆ ಗುಂಪುಗುಂಪಾಗಿ ಕೊಬ್ಬು ತಿಂದು ಉಬ್ಬಿದ ಕಣಗಳು, ಒಂಬತ್ತು ತಿಂಗಳಾದರೂ ಅಲ್ಲೇ. ಇದನ್ನೂ ಬೇರೆ ಹನ್ನೊಂದು ಜನರದ್ದನ್ನೂ ಸೇರಿಸಿ ಅವರು ಪ್ರಬಂಧ ಬರೆದರು. ಡಾಕ್ಟರುಗಳ ಸಭೆಯಲ್ಲಿ ಓದುವ ಮೊದಲು ಸ್ಲೈಡು ಪರೀಕ್ಷೆ ಮಾಡಿ ಒಪ್ಪಿಗೆ ಕೊಡಲು ಮುಂಬೈಯಿಂದ ಒಬ್ಬ ಹಿರಿಯ ಪ್ರೊಫೆಸರು ಬಂದರು. ಇದು ೧೯೮೩ರ ಮಾರ್ಚಿನಲ್ಲಿ.

ಪ್ರೊಫೆಸರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಹನ್ನೊಂದು ಜನರ ಸ್ಲೈಡು ನೋಡಿ ತಲೆಯಾಡಿಸಿದರು. ಪೂವಪ್ಪನದಕ್ಕೆ ಬಂದು ನಿಂತರು. ಒಂಬತ್ತು ತಿಂಗಳಿಗೆ ಇಲ್ಲಿ ಬರೀ ಕಲೆ ಉಳಿದಿರಬೇಕು, ಇಷ್ಟು ಕಣ ಇರಲಾರವು ಅಂದರು. ಇಂಥ ಉಬ್ಬಿದ ಕಣ ಶ್ವಾಸಕೋಶದಲ್ಲಿ ಸಿಗುತ್ತವೆ, ಯಾರದೋ ಶ್ವಾಸಕೋಶದ ಚೂರು ಬೋಗುಣಿಯ ನೀರಲ್ಲಿ ಉಳಿದು ತೇಲಿಬಂದು ಇದಕ್ಕೆ ಅಂಟಿದೆ, ಟೆಕ್ನಿಷಿಯನ್ನನ ಹೊಲಸು ಕೆಲಸ, ಇದನ್ನು ಪ್ರಬಂಧದಿಂದ ತೆಗೆಯಿರಿ. ಇಂಗ್ಲಿಷಿನಲ್ಲಿ ಅಂದರೂ ಅಂಬಾರಾಯನಿಗೆ ಅದರ ಪ್ರತಿ ಅಕ್ಷರ ತಿಳಿಯಿತು. ಬೋಗುಣಿಯ ಪಕ್ಕದಲ್ಲೇ ನಿಂತಿದ್ದ.

ಇವರು ಪ್ರತಿ ಬ್ಲಾಕಿಗೂ ನೀರು ಬದಲಿಸುತ್ತಾರೆ ಅಂತ ವೇದಾವತಿ ಅಂದರು. ಪ್ರೊಫೆಸರು ರಿಜಿಸ್ಟರು ತರಿಸಿ ಹಾಳೆ ತಿರುವಿದರು. ಎಲ್ಲೂ ಇಲ್ಲ. ದಿನಕ್ಕೆ ಇಪ್ಪತ್ತು ಬ್ಲಾಕು ಕೊಯ್ಯುವವನು ಇಪ್ಪತ್ತು ಸಲ ನೀರು ಕಾಯಿಸುತ್ತಾನೆ ಅಂತ ನಾನು ನಂಬಬೇಕೇ, ನಲವತ್ತು ವರ್ಷದಲ್ಲಿ ಅಂಥ ಒಬ್ಬನನ್ನೂ ನೋಡಿಲ್ಲ ಅಂದರು. ನಂಬದೆ ಇದ್ದದ್ದು ಅವರ ತಪ್ಪಲ್ಲ. ಯಾಕೆ ಬದಲಿಸುತ್ತಾನೆ ಅಂತ ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ, ಅವನ ಬಾಯಿಗೆ ಹದಿನಾಲ್ಕು ವರ್ಷದಿಂದ ಬೀಗ ಬಿದ್ದಿತ್ತು.

ಸುಮ್ಮನಿದ್ದರೆ ಏನು ಹೋಗುತ್ತಿತ್ತು? ಸಂಬಳ ಹೋಗುತ್ತಿರಲಿಲ್ಲ, ಖೋಲಿ ಹೋಗುತ್ತಿರಲಿಲ್ಲ, ಹನ್ನೊಂದು ಎಕರೆಯೂ ಹಾಗೇ ಉಳಿಯುತ್ತಿತ್ತು. ಹೋಗುತ್ತಿದ್ದವನು ಪೂವಪ್ಪ. ಒಂಬತ್ತು ತಿಂಗಳು ಮಿಸುಕಾಡದೆ ಬಿದ್ದು ಅವನು ಕೊಟ್ಟುಹೋದದ್ದು ಇನ್ಯಾರದೋ ಶ್ವಾಸಕೋಶದ ಕಸ ಅಂತಾಗುತ್ತಿತ್ತು. ಇವರೇ ಕೊಯ್ಯಲಿ ಅಂದಿದ್ದನಲ್ಲ. ಅಂಬಾರಾಯ ಎರಡು ಹೆಜ್ಜೆ ಮುಂದೆ ಬಂದು ಮರಾಠಿಯಲ್ಲಿ ಹೇಳಿದ. ನಮ್ಮ ಮಾತಿನಲ್ಲಿ ಅದು ಇಷ್ಟು:

"ಸಾಹೇಬ್ರ, ನಾ ಕ್ಷೌರ ಮಾಡೋರ ಮಗ. ಹಡಪದ ನಮ್ಮ ಅಡ್ಡಹೆಸರು. ಒಬ್ಬರ ನೀರು ಇನ್ನೊಬ್ಬರಿಗೆ ಮುಟ್ಟಿಸಬಾರದು ಅಂತ ನಮ್ಮಪ್ಪ ಕಲಿಸ್ಯಾನ. ಅವ ನಲವತ್ತು ವರ್ಷ ಮುಟ್ಟಿಸಿಲ್ಲ, ನಾ ಹನ್ನೆರಡು ವರ್ಷ ಮುಟ್ಟಿಸಿಲ್ಲ. ಬ್ಲಾಕು ಇಲ್ಲೇ ಅದ. ನಿಮ್ಮ ಕಣ್ಣ ಮುಂದ ಕೊಯ್ತೀನಿ."

ಅಭಿಷೇಕ ಅಂತ ನಗುತ್ತಿದ್ದವರೆಲ್ಲ ಬಾಗಿಲಲ್ಲಿ ನಿಂತಿದ್ದರು. ವೇದಾವತಿ ಅವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಪ್ರೊಫೆಸರು ಕುರ್ಚಿ ಎಳೆದುಕೊಂಡು ಕೂತು, ಕೊಯ್ಯಿ ಅಂದರು.

ಅವನು ಗಡಿಬಿಡಿ ಮಾಡಲಿಲ್ಲ. ಬೋಗುಣಿ ಚೆಲ್ಲಿದ, ಉಜ್ಜಿದ, ಸ್ಟೋವ್ ಹಚ್ಚಿ ನೀರು ಕಾಯಿಸಿದ. ಬೆಳಿಗ್ಗೆ ಯಾರೂ ಬರುವ ಮುಂಚೆ ಮಾಡುತ್ತಿದ್ದ ಕತ್ತಿಯ ಕೆಲಸವನ್ನು ಈಗ ಎಲ್ಲರೆದುರು ಮಾಡಿದ. ಮೇಜಿನ ಕಾಲಿಗೆ ಅಪ್ಪನ ಪಟ್ಟಿ ಕಟ್ಟಿ, ಕುಕ್ಕುರುಗಾಲಲ್ಲಿ ಕೂತು ಕತ್ತಿ ಎಳೆದ. ಕೂದಲು ಕಿತ್ತು ಅಂಚು ನೋಡಿದ. ಪೂವಪ್ಪನ ಬ್ಲಾಕು ಕಚ್ಚಿಸಿ ಚಕ್ರ ತಿರುಗಿಸಿದ. ಇಪ್ಪತ್ತನಾಲ್ಕು ಪದರದ ರಿಬ್ಬನ್ನು ಒಮ್ಮೆಯೂ ಹರಿಯದೆ ಬಂತು. ಹುಟ್ಟಿದ ಅನುಕ್ರಮದಲ್ಲೇ ಅವನ್ನು ನೀರಿನಿಂದ ಎತ್ತಿ ಸ್ಲೈಡಿಗಿಟ್ಟು, ಒಣಗಿಸಿ, ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಎರಡು ತಾಸಾಯಿತು. ಪ್ರೊಫೆಸರು ಎರಡು ಚಹಾ ಕುಡಿದರು, ಕುರ್ಚಿ ಬಿಟ್ಟು ಏಳಲಿಲ್ಲ.

ತೇಲಿಬಂದ ಕಸವಾದರೆ ಒಂದು ಪದರದಲ್ಲಿ ಇರುತ್ತದೆ, ಪಕ್ಕದ್ದರಲ್ಲಿ ಇರುವುದಿಲ್ಲ. ಇಲ್ಲಿ ಮೊದಲನೆಯದರಲ್ಲಿ ಸಣ್ಣ ಗುಂಪು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಕೊಂಚ ದೊಡ್ಡದು. ಹತ್ತನೆಯದರಲ್ಲಿ ತುಂಬಿದ ಪಂಕ್ತಿ. ಇಪ್ಪತ್ತನಾಲ್ಕನೆಯದರಲ್ಲೂ ಅಲ್ಲೇ, ಎಲೆ ಮುಂದೆ ಕೂತ ಹಾಗೆ. ಅಷ್ಟೂ ಪೂವಪ್ಪನವೇ. ಪ್ರೊಫೆಸರು ಕೊನೆಯ ಸ್ಲೈಡು ನೋಡಿ, ಮತ್ತೆ ಮೊದಲಿಂದ ನೋಡಿ, ಕನ್ನಡಕ ತೆಗೆದರು. ನಾನು ಹೇಳಿದ್ದು ತಪ್ಪು, ಇವು ಈ ಮನುಷ್ಯನ ಕಣಗಳೇ ಅಂದರು. ಆಮೇಲೆ ಎದ್ದು ಬಂದು ಅಂಬಾರಾಯನ ಕೈ ಹಿಡಿದು ಕುಲುಕಿದರು. ಪ್ರತಿ ಬ್ಲಾಕಿಗೂ ಹೊಸ ನೀರು ಅನ್ನುವುದನ್ನು ಪ್ರಬಂಧದಲ್ಲಿ ಬರೆಯಿರಿ, ಯಾರು ಮಾಡಿದ್ದೆಂದೂ ಬರೆಯಿರಿ ಅಂತ ವೇದಾವತಿಗೆ ಹೇಳಿ ಹೋದರು.

ಹೆಸರು ಹೇಗೆ ಬರೆಯಲಿ ಅಂತ ವೇದಾವತಿ ಕೇಳಿದಾಗ ಅವನು ಸಾವಕಾಶವಾಗಿ, ಒಂದೂ ಅಕ್ಷರ ಬಿಡದೆ ಬರೆಸಿದ: ಅಂಬಾರಾಯ ಚನ್ನಪ್ಪ ಹಡಪದ. ಅಚ್ಚಾಗಿ ಬಂದ ಪುಸ್ತಿಕೆಯನ್ನು ಡೊಂಬಿವಲಿಯ ಸಂಘಕ್ಕೆ ಒಯ್ದ. ಯಾರೋ ಹಳೆಯ ರೂಢಿಯಂತೆ ಹೊಲ ಹೇಗಿದೆ ಅಂತ ಕೇಳಿದರು. ಹನ್ನೊಂದೂ ಎಕರೆ ಒಂದೇ ದಿನದಲ್ಲಿ ಹೋಯಿತು, ಬಾವಿ ಸಮೇತ, ಅಂದ. ಮಹಾದೇವಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಲವರು ಅವತ್ತಿನಿಂದ ಅವನ ಮನೆಯ ಚಹಾ ಬಿಟ್ಟರು. ಬಿಟ್ಟವರು ಬಿಡಲಿ, ಅವರಿಗೇ ನಷ್ಟ. ಮಹಾದೇವಕ್ಕನ ಚಹಾ ಕಳವಾ ಊರಲ್ಲೇ ಹೆಸರಾದದ್ದು.

ಆ ದೀಪಾವಳಿಗೆ ಅಂಬಾರಾಯ ಅಪ್ಪನನ್ನು ಕರೆಸಿಕೊಂಡ. ಬಿಳಿ ರುಮಾಲು ಸುತ್ತಿಕೊಂಡು ಬಂದ ಚನ್ನಪ್ಪನನ್ನು ಲ್ಯಾಬಿಗೆ ಕರಕೊಂಡು ಹೋಗಿ, ಇವರು ನಮ್ಮಪ್ಪ, ಕತ್ತಿ ಕಲಿಸಿದವರು ಅಂತ ಎಲ್ಲರಿಗೂ ಹೇಳಿದ. ವೇದಾವತಿ ಎದ್ದು ತಮ್ಮ ಕುರ್ಚಿ ಕೊಟ್ಟರು. ಅಂಗಳದಾಚೆ ಕೂತು ಬದುಕು ಕಳೆದವನು ಡಾಕ್ಟರ ಕುರ್ಚಿಯ ತುದಿಯಲ್ಲಿ ಕೂತು, ರುಮಾಲು ಸರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ. ಪೂವಪ್ಪನ ಕಣಗಳು ಯಾವುವು, ಅವು ಏನು ತಿನ್ನುತ್ತವೆ, ಯಾಕೆ ಏಳುವುದಿಲ್ಲ ಅಂತ ಮಗ ಪಕ್ಕದಲ್ಲಿ ನಿಂತು ಹೇಳುತ್ತಲೇ ಇದ್ದ. ಮುದುಕ ಅದಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವನ ಕಣ್ಣು ಪದರದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೋಯಿತು, ಕ್ಷೌರ ಮುಗಿದ ಮೇಲೆ ಗದ್ದ ಎತ್ತಿ ನೋಡುವಾಗ ಹೋಗುತ್ತಿತ್ತಲ್ಲ, ಹಾಗೆ.

"ಗೀರು ಬಿದ್ದಿಲ್ಲ," ಅಂದ. ತಲೆ ಎತ್ತಿ ಮಗನ ಮುಖ ನೋಡಿದ. "ನೀರು?"

"ಹೊಸಾದ್ರೀ ಅಪ್ಪಾ. ಪ್ರತಿ ಸಲ."

ಚನ್ನಪ್ಪ ತಲೆಯಾಡಿಸಿ ಮತ್ತೆ ಕಣ್ಣು ಹಚ್ಚಿದ, ಈ ಸಲ ಪೂವಪ್ಪನನ್ನು ನೋಡುವುದಕ್ಕೆ.